ಕೆಂಪು ದಾಸವಾಳಕ್ಕೊಂದು ಹಳೇ ಕಾಲದ ಹಾಳೆ: ಗಿಂಪ್‌ನಲ್ಲಿ ಕಟ್ಟಿದ ಸಸ್ಯಚಿತ್ರದ ಕೆಲಸದ ಟಿಪ್ಪಣಿ

ಹಿತ್ತಲಿನ ಐದೆಸಳಿನ ಕೆಂಪು ದಾಸವಾಳವನ್ನು ಹಳೇ ಕಾಲದ ಸಸ್ಯಚಿತ್ರದ ಹಾಗೆ ಒಂದು ಎ3 ಹಾಳೆಯ ಮೇಲೆ ಕೂರಿಸಿ ಫ್ರೇಮ್ ಹಾಕಿಸಬೇಕು. ನಡುವೆ ಹೂಬಿಟ್ಟ ಕೊಂಬೆ. ಪಕ್ಕಕ್ಕೊಂದು ಮೊಗ್ಗು. ಕೆಳಗೆ ಎಡಕ್ಕೆ ಉದ್ದಕ್ಕೆ ಸೀಳಿದ ಹೂವು, ಬಲಕ್ಕೆ ಶಲಾಕಾಗ್ರದ, ಅಂದರೆ ಹೂವಿನ ಹೆಣ್ಣು ಭಾಗದ ತುದಿಯ, ದೊಡ್ಡ ಚಿತ್ರ. ಜಾಗ ಸಿಕ್ಕ ಕಡೆ ಎಲೆಯ ಹಿಂಬದಿ. ಅಡಿಯಲ್ಲಿ ಹೆಸರು. ಯೋಜನೆ ಇಷ್ಟೇ. ಬ್ರಷ್ ಹಿಡಿದು ಬರೆಯುವ ಕೈ ನನ್ನದಲ್ಲ. ಹಾಗಾಗಿ ಎಲ್ಲವನ್ನೂ ಫೋನಿನಲ್ಲಿ ತೆಗೆದ ಫೋಟೋಗಳಿಂದಲೇ ಕಟ್ಟಬೇಕಿತ್ತು.

ಈ ಹುಚ್ಚು ಹಿಡಿಸಿದ್ದು ಚೆಲುವಯ್ಯ ರಾಜು ಅವರು ಲಾಲ್‌ಬಾಗ್‌ಗಾಗಿ ಬರೆದ ಗಿಡಗಳ ಚಿತ್ರಗಳು. ಆ ಬಗೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಹಿನ್ನೆಲೆ ಇರುವುದಿಲ್ಲ. ನೆಲದ ಮೇಲೆ ಬಿದ್ದ ನೆರಳೂ ಇರುವುದಿಲ್ಲ. ಗಿಡ ಒಂದೇ ಇರುತ್ತದೆ, ಅದೂ ಯಾವುದು ಕಾಣಬೇಕೋ ಅಷ್ಟೇ. ಫೋಟೋಗೆ ಈ ಆಯ್ಕೆ ಗೊತ್ತಿಲ್ಲ. ಎದುರಿಗಿದ್ದದ್ದನ್ನೆಲ್ಲ ಬಾಚಿಕೊಂಡು ಬರುತ್ತದೆ. ಹಾಗಾಗಿ ಇಲ್ಲಿ ಎಡಿಟಿಂಗ್ ಅಂದರೆ ಮುಕ್ಕಾಲು ಪಾಲು ತೆಗೆದುಹಾಕುವ ಕೆಲಸ.

ಸಾಮಾನು ಜಾಸ್ತಿ ಏನಿಲ್ಲ. ರಾ ಫೈಲ್ (ಸೆನ್ಸರ್ ನೋಡಿದ್ದನ್ನು ಜೆಪೆಗ್ ಮಾಡದೆ ಹಾಗೇ ಇಟ್ಟ ಫೈಲು) ಕೊಡುವ ಫೋನು, ಅದಕ್ಕೆ ಸಿಕ್ಕಿಸುವ ಅಗ್ಗದ ಮ್ಯಾಕ್ರೋ ಲೆನ್ಸು, ಒಂದು ಸಣ್ಣ ಟ್ರೈಪಾಡು, ಬಿಳಿ ಡ್ರಾಯಿಂಗ್ ಶೀಟು. ಸಾಫ್ಟ್‌ವೇರ್ ಎಲ್ಲ ಉಚಿತದ್ದೇ: ರಾ ಫೈಲಿಗೆ ಡಾರ್ಕ್‌ಟೇಬಲ್, ಫೋಕಸ್ ಜೋಡಿಸಲು ಹ್ಯೂಗಿನ್ ಜೊತೆ ಬರುವ ಸಾಧನಗಳು, ಉಳಿದದ್ದಕ್ಕೆಲ್ಲ ಚಿತ್ರ ತಿದ್ದುವ ಗಿಂಪ್. ಗಿಂಪ್ ಹಳೇದಿದ್ದರೆ 3.0ಕ್ಕೆ ಏರಿಸಿಕೊಳ್ಳುವುದು ಒಳ್ಳೆಯದು. 2025ರ ಮಾರ್ಚ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ವಾಪಸ್ ಹೋಗಿ ಅದರ ಅಳತೆ ತಿದ್ದಬಹುದು. ಇಂಥ ಕೆಲಸದಲ್ಲಿ ಅದು ದೊಡ್ಡ ನೆಮ್ಮದಿ.

ಹೂವಿನ ಕೆಲಸ

ದಾಸವಾಳಕ್ಕೆ ಒಂದು ಒಳ್ಳೆ ಗುಣವಿದೆ. ಕಿತ್ತ ಹೂವಿಗೆ ನೀರು ಬೇಕಿಲ್ಲ. ನೀರಲ್ಲಿಟ್ಟರೂ ಇಡದಿದ್ದರೂ ಆ ದಿನ ಪೂರ್ತಿ ಅರಳಿಯೇ ಇದ್ದು ಸಂಜೆ ಮೇಲೆ ಮುದುಡುತ್ತದೆ. ಹಾಗಾಗಿ ಬೆಳಿಗ್ಗೆ ಕಿತ್ತು ತಂದು ಮೇಜಿನ ಮೇಲಿಟ್ಟರೆ ನಿಧಾನವಾಗಿ ಕೆಲಸ ಮಾಡಬಹುದು. ಗುಲಾಬಿಯಲ್ಲೋ ಪಾರಿಜಾತದಲ್ಲೋ ಈ ಭಾಗ್ಯ ಇಲ್ಲ.

ಸೀಳುವುದಕ್ಕೆ ಹೊಸ ಶೇವಿಂಗ್ ಬ್ಲೇಡು. ತೊಟ್ಟಿನ ಕಡೆಯಿಂದ ಶುರು ಮಾಡಿ ಅಂಡಾಶಯದ ನಡುವೆ ಹಾಯಿಸಿ, ಕೇಸರದ ಕೊಳವೆಯ ಉದ್ದಕ್ಕೂ ಒಂದೇ ಎಳೆತ. ದಾಸವಾಳದಲ್ಲಿ ಕೇಸರಗಳೆಲ್ಲ ಬುಡದಲ್ಲಿ ಕೂಡಿಕೊಂಡು ಒಂದು ಕೊಳವೆಯಾಗಿವೆ. ಆ ಕೊಳವೆಯ ಒಳಗೇ ಶಲಾಕಾ ನಳಿಕೆ ಹಾದುಹೋಗಿ ತುದಿಯಲ್ಲಿ ಐದಾಗಿ ಕವಲೊಡೆಯುತ್ತದೆ. ಶಾಲೆಯಲ್ಲಿ ಹೂವಿನ ಭಾಗಗಳ ಪಾಠಕ್ಕೆ ದಾಸವಾಳವನ್ನೇ ತರಲು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಬರಿಗಣ್ಣಿಗೆ ಎಲ್ಲ ಕಾಣುತ್ತದೆ. ತೊಂದರೆ ಅಂದರೆ ಲೋಳೆ. ಕತ್ತರಿಸಿದ ಕಡೆಯೆಲ್ಲ ಲೋಳೆ ಒಸರಿ ಬ್ಲೇಡಿಗೆ ಅಂಟುತ್ತದೆ. ಫೋಟೋದಲ್ಲಿ ಅದು ಬಿಳಿ ಬಿಳಿ ಹೊಳಪಾಗಿ ಕಾಣುತ್ತದೆ. ಒದ್ದೆ ಹತ್ತಿಯಲ್ಲಿ ಒರೆಸಿ, ಮತ್ತೆ ಒಣ ಹತ್ತಿಯಲ್ಲಿ ಒತ್ತಿ ತೆಗೆಯಬೇಕು. ಉಜ್ಜಿದರೆ ಒಳಗಿನ ಬಿಳಿ ಅಂಡಕಗಳು ಕಿತ್ತು ಬರುತ್ತವೆ.

"ದೇವರಿಗಿಡೋ ಹೂವನ್ನ ಬ್ಲೇಡಲ್ಲಿ ಸೀಳ್ತೀಯಲ್ಲೇ" ಅಂತ ಅಮ್ಮ ಒಂದು ಸಲ ಅಂದರು. ಆಮೇಲೆ ಅವರೇ ಬಂದು, "ಆ ಕೊಂಬೆ ಬೇಡ, ಅದರಲ್ಲಿ ಹಿಟ್ಟು ತಿಗಣೆ ಇದೆ. ಗೋಡೆ ಕಡೇದು ತಗೋ" ಅಂತ ತೋರಿಸಿಕೊಟ್ಟರು. ಹಿಟ್ಟು ತಿಗಣೆಯನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು, ನಿಜ. ಆದರೆ ಅದು ಕೂತ ಎಲೆ ಸುರುಟಿಕೊಂಡಿರುತ್ತದೆ. ಸುರುಟನ್ನು ಅಳಿಸುವ ಟೂಲ್ ಇಲ್ಲ.

ಬೆಳಕು ಎಡಗಡೆಯ ಕಿಟಕಿಯದ್ದು. ನೇರ ಬಿಸಿಲಲ್ಲ, ನೆರಳಿನ ಬೆಳಕು. ಬಲಗಡೆ ಒಂದು ಬಿಳಿ ಥರ್ಮೊಕೋಲ್ ಹಲಗೆ ನಿಲ್ಲಿಸಿದರೆ ನೆರಳು ತೆಳುವಾಗುತ್ತದೆ. ಎಲ್ಲ ತುಂಡುಗಳನ್ನೂ ಇದೇ ದಿಕ್ಕಿನ ಬೆಳಕಿನಲ್ಲೇ ತೆಗೆಯಬೇಕು. ಆಮೇಲೆ ಒಂದು ಎಲೆಯನ್ನು ಎಡಬಲ ತಿರುಗಿಸಿ ಜಾಗ ತುಂಬಿಸಿದರೆ ಬೆಳಕೂ ತಿರುಗುತ್ತದೆ. ನೋಡುವವರಿಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲಾಗುವುದಿಲ್ಲ.

ಮನೆಯ ಎಲ್‌ಇಡಿ ಬಲ್ಬಿನ ಬೆಳಕಲ್ಲಿ ಯಾಕೆ ತೆಗೆಯಲಿಲ್ಲ ಅಂದರೆ, ಸಾಧಾರಣ ಎಲ್‌ಇಡಿ ಬೆಳಕಿನಲ್ಲಿ ಗಾಢ ಕೆಂಪಿನ ಅಂಶ ಕಮ್ಮಿ. ಡಬ್ಬಿಯ ಮೇಲೆ ಸಿಆರ್‌ಐ 80 ಅಂತ ಬರೆದಿರುತ್ತಾರೆ, ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ ಅದು. ಆ ಲೆಕ್ಕ ಹಾಕುವುದು ಎಂಟು ತಿಳಿ ಬಣ್ಣಗಳ ಮೇಲೆ. ಗಾಢ ಕೆಂಪಿಗೆ ಆರ್9 ಅಂತ ಬೇರೆಯೇ ಅಂಕವಿದೆ, ಅದು ಆ 80ರಲ್ಲಿ ಸೇರಿಯೇ ಇಲ್ಲ. ದಾಸವಾಳಕ್ಕೆ ಬೇಕಾದದ್ದು ಅದೊಂದೇ!

ಕೆಂಪಿನ ರಗಳೆ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇಲ್ಲಿ. ಕೆಂಪು ದಾಸವಾಳವನ್ನು ಫೋನಿನಲ್ಲಿ ತೆಗೆದವರಿಗೆಲ್ಲ ಗೊತ್ತಿರುವ ವಿಷಯ: ಎಸಳಿನ ನರಗಳೆಲ್ಲ ಮಾಯವಾಗಿ ಹೂವು ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಕಾಣುತ್ತದೆ. ಫೋನಿನ ಜೆಪೆಗ್ ಫೈಲನ್ನು ಗಿಂಪ್‌ನಲ್ಲಿ ತೆರೆದು ಕಲರ್ ಪಿಕರ್‌ನಿಂದ ಎಸಳಿನ ನಡುವೆ ಒತ್ತಿ ನೋಡಿದೆ. ಪ್ರತಿ ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್, ಒಂದೊಂದಕ್ಕೂ 0ರಿಂದ 255ರವರೆಗೆ ಸಂಖ್ಯೆ. ಎಲ್ಲಿ ಒತ್ತಿದರೂ ಕೆಂಪು 255, ಹಸಿರು 0. ಪಕ್ಕದ ನರದ ಮೇಲೆ ಒತ್ತಿದರೂ ಅದೇ. ಎಲ್ಲ ಚುಕ್ಕಿಯಲ್ಲೂ ಒಂದೇ ಸಂಖ್ಯೆ ಇದ್ದರೆ ಅಲ್ಲಿ ಚಿತ್ರವೇ ಇಲ್ಲ ಅಂತ ಅರ್ಥ. ಅದರ ಮೇಲೆ ಯಾವ ಫಿಲ್ಟರ್ ಹಾಕಿದರೇನು?

ಇದಕ್ಕೆ ಕಾರಣ ಒಂದಲ್ಲ. ಮೊದಲನೆಯದು ಬೆಳಕು ಅಳೆಯುವ ರೀತಿ. ಒಂದು ಬಣ್ಣ ಎಷ್ಟು ಬೆಳಗಿದೆ ಅಂತ ಲೆಕ್ಕ ಹಾಕುವಾಗ ಹಸಿರಿಗೆ ಸುಮಾರು 72%, ಕೆಂಪಿಗೆ 21%, ನೀಲಿಗೆ 7% ತೂಕ. ಕಡು ಹಸಿರು ಎಲೆಗಳ ನಡುವೆ ಕೆಂಪು ಹೂವಿದ್ದರೆ ಕ್ಯಾಮೆರಾಗೆ ಇದೆಲ್ಲ ಕತ್ತಲು ಅನ್ನಿಸುತ್ತದೆ. ಬೆಳಕು ಏರಿಸುತ್ತದೆ. ಕೆಂಪು ಚಾನೆಲ್ ತುಂಬಿ ತುಳುಕುತ್ತದೆ. ಬಿಳಿ ಕಾಗದದ ಮೇಲೆ ಇಟ್ಟು ತೆಗೆದರೆ ಈ ತೊಂದರೆ ತಪ್ಪುತ್ತದೆ. ಕಾಗದ ಎಸಳಿಗಿಂತ ಜಾಸ್ತಿ ಬೆಳಗಿರುತ್ತದಲ್ಲ, ಕಾಗದ ತುಂಬಿಹೋಗದಂತೆ ನೋಡಿಕೊಂಡರೆ ಎಸಳೂ ಉಳಿಯಿತು.

ಆದರೂ ಜೆಪೆಗ್‌ನಲ್ಲಿ ನರಗಳು ಬರಲಿಲ್ಲ. ಅದು ಎರಡನೇ ಕಾರಣ. ಸೆನ್ಸರ್ ನೋಡಿದ ಬಣ್ಣವನ್ನು ಎಸ್‌ಆರ್‌ಜಿಬಿಗೆ, ಅಂದರೆ ಸ್ಕ್ರೀನುಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಮಿತಿಗೆ, ಇಳಿಸುವಾಗ ಇಷ್ಟು ಗಾಢ ಕೆಂಪು ಆ ಬಣ್ಣದ ಡಬ್ಬಿಯಲ್ಲಿ ಹಿಡಿಯುವುದಿಲ್ಲ. ಲೆಕ್ಕದಲ್ಲಿ ಹಸಿರು ಸೊನ್ನೆಗಿಂತ ಕೆಳಗೆ, ಕೆಂಪು 255ಕ್ಕಿಂತ ಮೇಲೆ ಹೋಗುತ್ತದೆ. ಎರಡನ್ನೂ ಅಂಚಿನಲ್ಲಿ ಕತ್ತರಿಸಿ ಹಾಕುತ್ತಾರೆ. ಎಸಳಿಗೂ ನರಕ್ಕೂ ಇರುವ ವ್ಯತ್ಯಾಸ ಆ ಕತ್ತರಿಸಿದ ತುಂಡಿನಲ್ಲೇ ಇರುತ್ತದೆ. ಸಾಲದ್ದಕ್ಕೆ ಸಾಮಾನ್ಯ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಶುದ್ಧ ಕೆಂಪು ಹೂವಿನ ಬೆಳಕನ್ನು ಹಿಡಿಯುವುದು ಮುಖ್ಯವಾಗಿ ಆ ಕೆಂಪಿನ ಕಾಲು ಭಾಗ. ಅದಕ್ಕೇ ಹತ್ತಿರ ಹೋಗಿ, ಹೂವು ಫ್ರೇಮ್ ತುಂಬುವ ಹಾಗೆ ತೆಗೆಯಬೇಕು.

ಪರಿಹಾರ ರಾ ಫೈಲಿನಲ್ಲಿದೆ. ಡಾರ್ಕ್‌ಟೇಬಲ್‌ನಲ್ಲಿ ಕಾಗದದ ಮೇಲೆ ವೈಟ್ ಬ್ಯಾಲೆನ್ಸ್ ಹಿಡಿದೆ. ಎಕ್ಸ್‌ಪೋಶರ್ ಅನ್ನು ಕಾಗದ ಬಿಳಿಗೆ ಸ್ವಲ್ಪ ಕೆಳಗೆ ನಿಲ್ಲುವಷ್ಟಕ್ಕೆ ಇಟ್ಟೆ. ಟೋನ್‌ಗೆ ಸಿಗ್ಮಾಯ್ಡ್. ಆಮೇಲೆ ಕಲರ್ ಝೋನ್ಸ್‌ನಲ್ಲಿ ಕೆಂಪನ್ನು ಮಾತ್ರ ಆರಿಸಿ ಮೊದಲು ಲೈಟ್‌ನೆಸ್ ತಗ್ಗಿಸಿದೆ, ಆಮೇಲೆ ಸ್ಯಾಚುರೇಶನ್ ಒಂದಿಷ್ಟು. ಸ್ಕ್ರೀನಿನಲ್ಲಿ ಹೂವು ಮಂಕಾದ ಹಾಗೆ ಕಾಣುತ್ತದೆ, ಹೆದರಬಾರದು. ಎರಡು ನಿಮಿಷ ಬೇರೆ ಕಡೆ ನೋಡಿ ಬಂದು ನೋಡಿದರೆ, ಮಂಕಾಗಿಲ್ಲ, ನರಗಳು ಮೇಲೆದ್ದಿವೆ. ಎಸಳಿನ ಬುಡದ ಕಡು ಮಚ್ಚೆ ಬೇರೆಯಾಗಿ ನಿಂತಿದೆ. ಕೆಂಪು ಕೆಂಪಾಗಿ ಉಳಿಯಬೇಕಾದರೆ ಅದನ್ನು ತಗ್ಗಿಸಬೇಕು. ಈ ಹಾಳೆಯಲ್ಲಿ ಮಾಡಿದ ಉಳಿದ ಕೆಲಸಕ್ಕೆಲ್ಲ ಇದೇ ಲೆಕ್ಕ.

ಎಕ್ಸ್‌ಪೋರ್ಟ್ ಮಾಡುವಾಗ ಎಸ್‌ಆರ್‌ಜಿಬಿ ಬೇಡ. 16 ಬಿಟ್ ಟಿಫ್, ರೆಕ್2020 ಪ್ರೊಫೈಲ್. ಈ ಡಬ್ಬಿ ದೊಡ್ಡದು, ಹಸಿರು ಚಾನೆಲ್ ಸೊನ್ನೆಗೆ ಬಡಿದುಕೊಳ್ಳುವುದಿಲ್ಲ. ಅದು ಯಾಕೆ ಮುಖ್ಯ ಅಂದರೆ, ಕೆಂಪು ಹೂವಿನ ನರಗಳು ಚೆನ್ನಾಗಿ ಕೂತಿರುವುದೇ ಹಸಿರು ಚಾನೆಲ್‌ನಲ್ಲಿ. ಗಿಂಪ್‌ನಲ್ಲಿ ಹೂವಿನ ಪದರವನ್ನು ನಕಲು ಮಾಡಿ, ಮೋನೋ ಮಿಕ್ಸರ್‌ನಲ್ಲಿ ಕೆಂಪು 0, ಹಸಿರು 1, ನೀಲಿ 0 ಕೊಟ್ಟೆ. ಕಡು ಬೂದು ಬಣ್ಣದ ಒಂದು ಹೂವು ಬಂತು. ಕರ್ವ್ಸ್‌ನಲ್ಲಿ ಎತ್ತಿದರೆ ಎಸಳಿನ ಒಂದೊಂದು ನರವೂ ಕಾಣುತ್ತದೆ, ಬುಡದಿಂದ ಬೀಸಣಿಗೆಯಾಗಿ ಹರಡಿ ಅಂಚಿಗೆ ಬರುವ ಹೊತ್ತಿಗೆ ಕವಲೊಡೆದು ಬಲೆಯಾಗುವುದೂ ಕಾಣುತ್ತದೆ. ಈ ಪದರದ ಮೋಡ್ ಅನ್ನು ಲೂಮಿನನ್ಸ್ ಮಾಡಿ ಅಪಾಸಿಟಿ (ಪದರ ಎಷ್ಟು ಗಾಢವಾಗಿ ಕಾಣಬೇಕು ಅನ್ನುವ ಶೇಕಡಾ ಲೆಕ್ಕ) 30ರ ಆಸುಪಾಸು ಇಟ್ಟರೆ ಬಣ್ಣ ಕೆಳಗಿನ ಪದರದ್ದು, ಬೆಳಕು ನೆರಳಿನ ಆಟ ಹಸಿರು ಚಾನೆಲ್‌ನದ್ದು. 50ಕ್ಕೆ ಏರಿಸಿದರೆ ಎಸಳು ಒಣಗಿದ ಹಾಗೆ ಕಾಣಲು ಶುರು. 30 ಸಾಕು.

ಇಷ್ಟಾದ ಮೇಲೆ ಎಸ್‌ಆರ್‌ಜಿಬಿಗೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಒತ್ತಿ ನೋಡಿದೆ. ಎಸಳು 196, 28, 34. ಪಕ್ಕದ ನರ 160, 14, 24.

ಮುಂದಕ್ಕೆ ಚಾಚಿದ ಕೊಳವೆ

ದಾಸವಾಳದ ಕೇಸರದ ಕೊಳವೆ ಎಸಳುಗಳಿಂದ ಇಂಚುಗಟ್ಟಲೆ ಮುಂದೆ ಚಾಚಿರುತ್ತದೆ. ಹತ್ತಿರದಿಂದ ತೆಗೆದರೆ ಒಂದೋ ಶಲಾಕಾಗ್ರ ಸ್ಪಷ್ಟ, ಇಲ್ಲವೋ ಎಸಳು. ಎರಡೂ ಒಟ್ಟಿಗೆ ಬರುವುದಿಲ್ಲ. ಸಸ್ಯಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿರಬೇಕು, ಮಸುಕು ಅನ್ನುವುದು ಅಲ್ಲಿಲ್ಲ. ಹಾಗಾಗಿ ಫೋನನ್ನು ಟ್ರೈಪಾಡಿಗೆ ಕಟ್ಟಿ, ಫೋಕಸ್ ಮ್ಯಾನ್ಯುಯಲ್ ಮಾಡಿ, ತುದಿಯಿಂದ ಬುಡದವರೆಗೆ ಫೋಕಸ್ ಸರಿಸುತ್ತಾ ಸಾಲಾಗಿ ತೆಗೆದುಕೊಂಡೆ. ಕೈ ತಾಗದಿರಲಿ ಅಂತ ಎರಡು ಸೆಕೆಂಡ್ ಟೈಮರ್. ಫ್ಯಾನ್ ಆಫ್, ಬಾಗಿಲು ಮುಚ್ಚಿ.

ಫೋಕಸ್ ಸರಿದಾಗ ಚಿತ್ರದ ಗಾತ್ರವೂ ಒಂದು ಕೂದಲೆಳೆ ಬದಲಾಗುತ್ತದೆ. ಅದನ್ನು ಹ್ಯೂಗಿನ್‌ನ ಅಲೈನ್ ಇಮೇಜ್ ಸ್ಟ್ಯಾಕ್ ಸರಿಹೊಂದಿಸುತ್ತದೆ. ಆಮೇಲೆ ಎನ್‌ಫ್ಯೂಸ್. ಅದು ಹುಟ್ಟಿದ್ದು ಬೇರೆ ಬೇರೆ ಎಕ್ಸ್‌ಪೋಶರ್ ಜೋಡಿಸಲು. ಫೋಕಸ್‌ಗೆ ಬಳಸಬೇಕಾದರೆ ಎಕ್ಸ್‌ಪೋಶರ್ ವೇಟ್ 0, ಸ್ಯಾಚುರೇಶನ್ ವೇಟ್ 0, ಕಾಂಟ್ರಾಸ್ಟ್ ವೇಟ್ 1 ಕೊಟ್ಟು, ಹಾರ್ಡ್ ಮಾಸ್ಕ್ ಆನ್ ಮಾಡಬೇಕು. ಇಲ್ಲದಿದ್ದರೆ ಎಲ್ಲವನ್ನೂ ಸರಾಸರಿ ಮಾಡಿ ಮಸುಕಾಗಿಯೇ ಕೊಡುತ್ತದೆ.

ಬಂದ ಚಿತ್ರದಲ್ಲಿ ಕೊಳವೆಯ ಸುತ್ತ ಒಂದು ಮಸುಕಾದ ಅಂಚು ಉಳಿಯುತ್ತದೆ. ಮುಂದಿನ ವಸ್ತು ಮಸುಕಾಗಿದ್ದಾಗ ಹಿಗ್ಗಿ ಹಿಂದಿನ ಎಸಳನ್ನು ಮುಚ್ಚಿರುತ್ತದೆ, ಅದಕ್ಕೆ. ಎಸಳಿನ ಮೇಲೆ ಫೋಕಸ್ ಇದ್ದ ಫ್ರೇಮನ್ನು ಮೇಲಿನ ಪದರವಾಗಿಟ್ಟು, ಕಪ್ಪು ಮಾಸ್ಕ್ (ಪದರದ ಮೇಲಿನ ಮುಸುಕು, ಕಪ್ಪಿದ್ದ ಕಡೆ ಪದರ ಕಾಣುವುದಿಲ್ಲ, ಬಿಳಿ ಇದ್ದ ಕಡೆ ಕಾಣುತ್ತದೆ) ಹಾಕಿ, ಮೆತ್ತಗಿನ ಬ್ರಷ್‌ನಲ್ಲಿ ಬಿಳಿ ಬಳಿದರೆ ಬಹುಪಾಲು ಹೋಗುತ್ತದೆ. ಪೂರ್ತಿ ಹೋಗದ ಕಡೆ ಕ್ಲೋನ್ ಟೂಲ್.

ಪರಾಗದ ಹಳದಿ ಕಾಳುಗಳು ಎಸಳ ಮೇಲೆ ಉದುರಿರುತ್ತವೆ. ದಾಸವಾಳದ ಪರಾಗ ದೊಡ್ಡದು, ಬರಿಗಣ್ಣಿಗೇ ಕಾಣುತ್ತದೆ. ಹೀಲ್ ಟೂಲ್‌ನಿಂದ ಎಲ್ಲವನ್ನೂ ಗುಡಿಸಿಬಿಡಬಹುದು. ನಾನು ಕೊಳವೆಯ ಕೆಳಗೆ ಬಿದ್ದವನ್ನು ಬಿಟ್ಟೆ, ಉಳಿದವನ್ನು ತೆಗೆದೆ. ಎಲೆಯೊಂದರಲ್ಲಿ ಹುಳ ತಿಂದ ತೂತಿತ್ತು. ಅದನ್ನೂ ಬಿಟ್ಟೆ. ಹುಳ ಮುಟ್ಟದ ದಾಸವಾಳದ ಗಿಡ ಯಾರ ಮನೆಯಲ್ಲಿದೆ?

ಶಲಾಕಾಗ್ರಕ್ಕೆ ಮ್ಯಾಕ್ರೋ ಲೆನ್ಸ್. ಅಗ್ಗದ ಲೆನ್ಸುಗಳು ಅಂಚಿನಲ್ಲಿ ಚಿತ್ರವನ್ನು ಬಾಗಿಸುತ್ತವೆ. ನಡುವಿನ ಭಾಗ ಮಾತ್ರ ಬಳಸಿದರಾಯಿತು. ಐದು ಪುಟ್ಟ ಕೆಂಪು ಗುಂಡುಗಳು, ಮೈಮೇಲೆಲ್ಲ ಮಖಮಲ್ಲಿನಂಥ ಸಣ್ಣ ರೋಮ, ಅದರಲ್ಲಿ ಸಿಕ್ಕಿಕೊಂಡ ಒಂದೆರಡು ಪರಾಗದ ಕಾಳು. ಇಡೀ ಹಾಳೆಯಲ್ಲಿ ನನಗೆ ಇಷ್ಟವಾದ ತುಂಡು ಇದೇ.

ಹಾಳೆಗೆ ಇಳಿಸುವುದು

ಎ3 ಅಂದರೆ 297 × 420 ಮಿಲಿಮೀಟರ್. 300 ಡಿಪಿಐಗೆ 3508 × 4961 ಪಿಕ್ಸೆಲ್. ಅಷ್ಟು ದೊಡ್ಡ ಹೊಸ ಫೈಲು, ಕೆಳಗೆ ತೆಳು ಕೆನೆ ಬಣ್ಣದ ಒಂದು ಪದರ: 247, 241, 226. ಹಳೇ ಕಾಗದದ ಕಲೆ, ಮಡಿಕೆ, ಸುಟ್ಟ ಅಂಚು ಇರುವ ಟೆಕ್ಸ್ಚರ್‌ಗಳು ಬೇಕಾದಷ್ಟು ಸಿಗುತ್ತವೆ. ಒಂದನ್ನೂ ಹಾಕಲಿಲ್ಲ. ಮದುವೆ ಕಾರ್ಡಿನಿಂದ ಹಿಡಿದು ಹೋಟೆಲ್ ಮೆನುವರೆಗೆ ಎಲ್ಲ ಕಡೆ ಅದೇ ಕಾಗದ ನೋಡಿ ಸಾಕಾಗಿದೆ.

ಈಗ ಹೂವನ್ನು ಬಿಳಿ ಕಾಗದದಿಂದ ಬಿಡಿಸಬೇಕು. ಲಾಸೋ ಹಿಡಿದು ಅಂಚಿನುದ್ದಕ್ಕೂ ಒತ್ತುತ್ತಾ ಹೋಗಬಹುದು. ದಾಸವಾಳದ ಎಲೆಯ ಅಂಚು ಗರಗಸ, ಎಸಳಿನ ಅಂಚು ಅಲೆ ಅಲೆ. ಬೆನ್ನು ಮುರಿಯುತ್ತದೆ. ಅದಕ್ಕಿಂತ ಸುಲಭದ ದಾರಿ ಇದೆ. ಲೆವೆಲ್ಸ್‌ನಲ್ಲಿ ಕಾಗದವನ್ನು ಪೂರ್ತಿ 255ಕ್ಕೆ ಒಯ್ದು, ಪದರದ ಮೋಡ್ ಮಲ್ಟಿಪ್ಲೈ ಮಾಡಿದರೆ ಬಿಳಿ ತಾನಾಗಿಯೇ ಮಾಯ. ಬಿಳಿಯಿಂದ ಯಾವ ಬಣ್ಣವನ್ನು ಗುಣಿಸಿದರೂ ಆ ಬಣ್ಣವೇ ಬರುತ್ತದಲ್ಲ. ಅಂಚಿನಲ್ಲಿ ಬಿಳಿ ಗೆರೆ ಉಳಿಯುವ ಗೋಳೂ ಇಲ್ಲ. ಲೆವೆಲ್ಸ್ ಎಳೆಯುವಾಗ ಹೂವೂ ಬೆಳಗುತ್ತದೆ, ಸರಿ. ಕಾಗದ ಮೊದಲೇ 240ರ ಹತ್ತಿರ ಇದ್ದರೆ ಅದು ಲೆಕ್ಕಕ್ಕಿಲ್ಲ.

ಉಳಿದುಕೊಳ್ಳುವುದು ನೆರಳು. ಹೂವಿನ ಬುಡದಲ್ಲಿ, ಎಲೆಯ ಕೆಳಗೆ ಬೂದು ಬಣ್ಣದ ನೆರಳು. ದೊಡ್ಡ ಮೆತ್ತಗಿನ ಬ್ರಷ್‌ನಲ್ಲಿ ಬಿಳಿ ಬಳಿದು ಅಂಚಿನವರೆಗೆ ತಂದು ನಿಲ್ಲಿಸಬೇಕು. ಫೋಟೋ ತೆಗೆಯುವಾಗಲೇ ಕೊಂಬೆಯನ್ನು ಕಾಗದಕ್ಕೆ ಒತ್ತಿಡದೆ, ನಾಲ್ಕು ಲೋಟದ ಮೇಲೆ ಗಾಜಿನ ಹಲಗೆ ಇಟ್ಟು ಅದರ ಮೇಲಿಟ್ಟರೆ ನೆರಳು ದೂರ ಹೋಗಿ ಹರಡಿಹೋಗುತ್ತದೆ. ಸೀಳಿದ ಹೂವನ್ನು ಹಾಗೇ ತೆಗೆದದ್ದು. ಗಾಜು ಚೆನ್ನಾಗಿ ಒರೆಸಿರಬೇಕು, ಇಲ್ಲದಿದ್ದರೆ ಒಂದು ಬೆರಳಚ್ಚೂ ಬಿಡದೆ ಫೋಟೋದಲ್ಲಿ ಬರುತ್ತದೆ.

ಮಲ್ಟಿಪ್ಲೈ ಕೈಕೊಡುವುದು ಒಂದು ಕಡೆ: ಎರಡು ತುಂಡು ಒಂದರ ಮೇಲೊಂದು ಬಂದಾಗ. ಹೂವಿನ ಹಿಂದೆ ಎಲೆ ಇಟ್ಟರೆ ಎಸಳಿನೊಳಗಿಂದ ಎಲೆ ಕಾಣುತ್ತದೆ. ಅಲ್ಲಿ ಮಾಸ್ಕ್ ಬೇಕೇ ಬೇಕು. ಅದಕ್ಕೆ ನೀಲಿ ಚಾನೆಲ್ ಹಿಡಿಯಿರಿ. ಕೆಂಪು ಎಸಳು, ಹಸಿರು ಎಲೆ, ಹಳದಿ ಪರಾಗ, ಮೂರರಲ್ಲೂ ನೀಲಿ ಕಮ್ಮಿ. ಬಿಳಿ ಕಾಗದದಲ್ಲಿ ನೀಲಿ ತುಂಬಾ. ನೀಲಿ ಚಾನೆಲ್ ಅನ್ನು ನಕಲು ಮಾಡಿ, ಇನ್ವರ್ಟ್ ಮಾಡಿ, ಲೆವೆಲ್ಸ್‌ನಲ್ಲಿ ಎರಡು ಕಡೆಯಿಂದ ಒತ್ತಿದರೆ ಮಾಸ್ಕ್ ಸಿದ್ಧ. ಗರಗಸದ ಒಂದೊಂದು ಹಲ್ಲೂ ಬಂದಿರುತ್ತದೆ. ಒಂದೇ ತಕರಾರು, ದಾಸವಾಳದ ಎಲೆ ಹೊಳೆಯುತ್ತದೆ. ಹೊಳಪಿನಲ್ಲಿ ಆಕಾಶದ ನೀಲಿ ಇರುತ್ತದೆ, ಅಲ್ಲಿ ಮಾಸ್ಕ್‌ನಲ್ಲಿ ತೂತು ಬೀಳುತ್ತದೆ. ಬಿಳಿ ಬ್ರಷ್‌ನಲ್ಲಿ ಮುಚ್ಚಿದರೆ ಮುಗಿಯಿತು.

ಫೋಟೋತನ ಕಳೆಯುವುದು

ಇಷ್ಟು ಹೊತ್ತಿಗೆ ಹಾಳೆ ಚೆನ್ನಾಗಿಯೇ ಇತ್ತು. ಆದರೆ ಫೋಟೋಗಳನ್ನು ಕತ್ತರಿಸಿ ಅಂಟಿಸಿದ ಹಾಗೆ ಇತ್ತು, ಬರೆದ ಹಾಗೆ ಅಲ್ಲ. ಜಿಮಿಕ್ ಪ್ಲಗಿನ್‌ನಲ್ಲಿ ಪೇಂಟಿಂಗ್ ಮಾಡುವ ಫಿಲ್ಟರ್‌ಗಳ ದೊಡ್ಡ ಪಟ್ಟಿಯೇ ಇದೆ. ಒಂದಿಷ್ಟು ಹಾಕಿ ನೋಡಿದೆ. ಹೂವು, ಎಲೆ, ತೊಟ್ಟು ಎಲ್ಲದಕ್ಕೂ ಒಂದೇ ಬಗೆಯ ಬ್ರಷ್ ಏಟು ಹಾಕಿಬಿಡುತ್ತವೆ. ಬರೆಯುವವರು ಎಸಳಿನ ಮೇಲೆ ಬ್ರಷ್ ಎಳೆಯುವುದು ನರದ ಜಾಡಿನಲ್ಲಿ. ಫಿಲ್ಟರ್‌ಗೆ ನರ ಎಲ್ಲಿದೆ ಅಂತ ಏನು ಗೊತ್ತು?

ಕೊನೆಗೆ ಉಳಿಸಿಕೊಂಡದ್ದು ಗಿಂಪ್‌ನದೇ ಎರಡು ಸಾಧಾರಣ ಫಿಲ್ಟರ್. ಒಂದು ಮೀನ್ ಕರ್ವೇಚರ್ ಬ್ಲರ್. ಇದು ಅಂಚನ್ನು ಬಿಟ್ಟು ಒಳಗಿನ ಸಣ್ಣ ಕಿರಿಕಿರಿಯನ್ನು ನುಣುಪು ಮಾಡುತ್ತದೆ. ಫೋನಿನ ಚಿತ್ರದ ಮರಳು ಮರಳು ಹೋಗಿ ಬಣ್ಣ ನೀರಿನಲ್ಲಿ ಹರಡಿದ ಹಾಗೆ ಆಗುತ್ತದೆ. ಎಸಳಿಗೆ ಇಟರೇಶನ್ 15, ಎಲೆಗೆ 25. ಶಲಾಕಾಗ್ರಕ್ಕೆ ಹಾಕಲೇ ಇಲ್ಲ, ರೋಮ ಹೋಗಿಬಿಡುತ್ತದೆ.

ಇನ್ನೊಂದು ಡಿಫರೆನ್ಸ್ ಆಫ್ ಗಾಸಿಯನ್ಸ್. ಪದರದ ನಕಲನ್ನು ಬೂದು ಮಾಡಿ ಇದನ್ನು ಹಾಕಿ, ಇನ್ವರ್ಟ್ ಮಾಡಿ ಲೆವೆಲ್ಸ್ ಎಳೆದರೆ ಪೆನ್ಸಿಲ್ ಗೆರೆಯಂಥದ್ದು ಬರುತ್ತದೆ. ಅದನ್ನು ಕಪ್ಪಾಗಿ ಬಿಡಬಾರದು. ಎಲೆಯ ಮೇಲೆ ಕಡು ಹಸಿರು, ಎಸಳ ಮೇಲೆ ಕಂದು ಕೆಂಪು ಬಣ್ಣ ಕೊಟ್ಟು ಮಲ್ಟಿಪ್ಲೈನಲ್ಲಿ 20ರಿಂದ 25 ಅಪಾಸಿಟಿ. ಎಲ್ಲ ಕಡೆ ಒಂದೇ ದಪ್ಪದ ಗೆರೆ ಇದ್ದರೆ ಬಣ್ಣ ತುಂಬುವ ಮಕ್ಕಳ ಪುಸ್ತಕ ಅನ್ನಿಸುತ್ತದೆ. ಹಾಗಾಗಿ ಮಾಸ್ಕ್ ಹಾಕಿ, ಬೆಳಕು ಬೀಳುವ ಎಡ ಅಂಚಿನ ಗೆರೆಗಳನ್ನು ಅಳಿಸಿದೆ, ಬಲಗಡೆಯವನ್ನು ಉಳಿಸಿದೆ. ಈ ಅಳಿಸುವ ಕೆಲಸದಲ್ಲೇ ಹಾಳೆಗೆ ಜೀವ ಬಂದದ್ದು. ಒಂದು ಸಂಜೆ ಪೂರ್ತಿ ಕೂತರೂ ಬೇಜಾರಾಗಲಿಲ್ಲ.

ಅಂದಹಾಗೆ ಇದು ವೈಜ್ಞಾನಿಕ ದಾಖಲೆ ಅಲ್ಲ. ಮೊಗ್ಗು ಒಂದು ಕೊಂಬೆಯದು, ಹೂವು ಇನ್ನೊಂದರದು, ಎಲೆ ಗೋಡೆ ಕಡೆಯದು. ಹಳಬರೂ ಹೀಗೆ ಬೇರೆ ಬೇರೆ ಹೊತ್ತಿನ ಹೂವು ಕಾಯಿಗಳನ್ನು ಒಂದೇ ಹಾಳೆಗೆ ತರುತ್ತಿದ್ದರು. ಆದರೆ ಎಸಳಿನ ಎಣಿಕೆ, ಹೂವಿನ ತೊಟ್ಟಿನ ಮೇಲಿನ ಪುಟ್ಟ ಹಸಿರು ಎಲೆಗಳು, ಶಲಾಕಾಗ್ರದ ಐದು ಗುಂಡು, ಇವನ್ನು ಮುಟ್ಟಲಿಲ್ಲ. ಚೆಂದಕ್ಕೆ ಅಂತ ಗಿಡವನ್ನೇ ಬದಲಿಸಿದರೆ ಆ ಹಾಳೆಯ ಕೆಳಗೆ ಹೆಸರು ಬರೆಯುವುದು ಹೇಗೆ?

ಹೆಸರು ಬರೆದದ್ದು ಹೀಗೆ: ಮೇಲೆ "ದಾಸವಾಳ", ಕೆಳಗೆ ಸಣ್ಣದಾಗಿ "ಹೈಬಿಸ್ಕಸ್ ರೋಸಾ-ಸೈನೆನ್ಸಿಸ್, ಲಿನೇಯಸ್, 1753". ಗಿಂಪ್‌ನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಬರುತ್ತದೆ. ನೋಟೋ ಸೆರಿಫ್ ಕನ್ನಡ ಬಳಸಿದೆ. ಕೇದಗೆ, ಮಲ್ಲಿಗೆ ಅಂತ ಹೂವಿನ ಹೆಸರಿನ ಹಳೇ ಉಚಿತ ಫಾಂಟ್‌ಗಳೂ ಇವೆ, ಹೆಸರಿಗಾಗಿ ಮನಸ್ಸಾಗಿತ್ತು. ಆದರೆ ಈ ಹಾಳೆಗೆ ದಪ್ಪ ತೆಳುವಿನ ವ್ಯತ್ಯಾಸ ಇರುವ ಅಕ್ಷರ ಬೇಕಿತ್ತು. ಅಕ್ಷರಕ್ಕೂ ಕಪ್ಪಿಲ್ಲ, ಕಡು ಕಂದು.

ಪ್ರಿಂಟು

ಪ್ರಿಂಟ್ ಅಂಗಡಿಗೆ ಹೋಗುವ ಮುಂಚೆ ಗಿಂಪ್‌ನಲ್ಲಿ ಸಾಫ್ಟ್ ಪ್ರೂಫ್ ಆನ್ ಮಾಡಿ ನೋಡಿದೆ. ಪ್ರಿಂಟು ಹೇಗೆ ಬರಬಹುದು ಅಂತ ಸ್ಕ್ರೀನಿನಲ್ಲೇ ತೋರಿಸುವುದು ಅದು. ಪ್ರಿಂಟಿನಲ್ಲಿ ಬರಲಾರದ ಬಣ್ಣಗಳನ್ನು ಗುರುತು ಮಾಡಿ ತೋರಿಸುವ ಆಯ್ಕೆ ಅದರಲ್ಲಿದೆ. ಎಸಳಿನ ಬೆಳಗಿನ ಭಾಗ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತು. ಕೆಂಪು ಮೂರನೇ ಸಲ ಕೈಬಿಟ್ಟು ಹೋಗುವುದು ಇಲ್ಲಿ. ಶಾಯಿಯ ಡಬ್ಬಿ ಸ್ಕ್ರೀನಿನ ಡಬ್ಬಿಗಿಂತ ಇನ್ನೂ ಸಣ್ಣದು. ಮೆಜೆಂಟಾ ಪೂರ್ತಿ, ಹಳದಿ ಪೂರ್ತಿ ಹಾಕಿದರೆ ಅದಕ್ಕಿಂತ ಮುಂದಿನ ಕೆಂಪು ಇಲ್ಲ. ಅದರಾಚೆಯ ಬಣ್ಣವೆಲ್ಲ ಅಂಚಿಗೆ ಬಂದು ಒಂದೇ ಆಗಿಬಿಡುತ್ತದೆ. ಅಂದರೆ ನರಗಳು ಮತ್ತೆ ಮಾಯ. ಮ್ಯಾಟ್ ಕಾಗದದಲ್ಲಿ ಇದು ಹೊಳಪಿನ ಕಾಗದಕ್ಕಿಂತ ಜಾಸ್ತಿ.

ಮಾಡಬೇಕಾದದ್ದು ಮೊದಲಿನದೇ. ಹ್ಯೂ-ಕ್ರೋಮಾದಲ್ಲಿ ಕ್ರೋಮಾ, ಅಂದರೆ ಬಣ್ಣದ ತೀವ್ರತೆ, ಸ್ವಲ್ಪ ಇಳಿಸಿ, ಲೈಟ್‌ನೆಸ್ ಇನ್ನೊಂದು ಚೂರು ಇಳಿಸಿ, ಬೂದು ಗುರುತು ಎಸಳಿನ ಅಂಚಿಗಷ್ಟೇ ಸರಿಯುವವರೆಗೆ ತಂದೆ. ಫಿಲ್ಟರ್ ವಾಪಸ್ ತಿದ್ದುವಂತಿರುವುದು ಇಲ್ಲಿ ಕೆಲಸಕ್ಕೆ ಬಂತು.

"ಸಿಎಂವೈಕೆ ಮಾಡ್ಕೊಂಡು ಬಂದಿದೀರಾ ಮೇಡಂ?" ಅಂದರು ಅಂಗಡಿಯವರು.

"ಇಲ್ಲ, ಆರ್‌ಜಿಬಿ ಟಿಫ್. ಪ್ರೊಫೈಲ್ ಒಳಗಿದೆ."

"ಹಂಗೇ ಕೊಡಿ, ಒಳ್ಳೇದಾಯ್ತು. ನಮ್ ಮಷೀನಿನ ಲೆಕ್ಕಕ್ಕೆ ಅದೇ ಮಾಡ್ಕೊಳ್ಳುತ್ತೆ."

ಅವರು ಹೇಳಿದ್ದು ಸರಿ. ಯಾವ ಕಾಗದ, ಯಾವ ಶಾಯಿ ಅಂತ ಗೊತ್ತಿಲ್ಲದೆ ಮನೆಯಲ್ಲೇ ಸಿಎಂವೈಕೆ (ಪ್ರಿಂಟಿನ ನಾಲ್ಕು ಶಾಯಿಗಳ ಲೆಕ್ಕ) ಮಾಡಿದರೆ ಎರಡೆರಡು ಸಲ ಬಣ್ಣ ಕಳೆದುಕೊಳ್ಳುತ್ತೇವೆ. ಅಕ್ಷರವನ್ನೂ ಚಿತ್ರದ ಭಾಗವಾಗಿಯೇ ಕೊಡುವುದು ಕ್ಷೇಮ. ಎಷ್ಟೋ ಅಂಗಡಿಗಳ ಕಂಪ್ಯೂಟರಿನಲ್ಲಿ ಇನ್ನೂ ಯೂನಿಕೋಡ್ ಅಲ್ಲದ ಹಳೇ ಕನ್ನಡ ಫಾಂಟ್‌ಗಳೇ ಇರುತ್ತವೆ.

ಎ3 ಹೊಡೆಸುವ ಮೊದಲು ಒಂದು ಎ4 ಪಟ್ಟಿ. ಅದರಲ್ಲಿ ಒಂದೇ ಎಸಳು ನಾಲ್ಕು ಸಲ, ಕ್ರೋಮಾ ಒಂದೊಂದು ಮೆಟ್ಟಿಲು ಇಳಿಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮೊದಲನೆಯದೇ ಚೆಂದ ಅನ್ನಿಸಿತು. ಹೊರಗೆ ಹಗಲು ಬೆಳಕಿಗೆ ತಂದು ಹಿಡಿದರೆ ಮೊದಲನೆಯದರಲ್ಲಿ ನರ ಕಾಣುವುದಿಲ್ಲ, ಮೂರನೆಯದರಲ್ಲಿ ಎಣಿಸಬಹುದು. ಮೂರನೆಯದನ್ನೇ ಹೊಡೆಸಿದೆ. ಕೆನೆ ಬಣ್ಣದ ಕೆಳ ಪದರವನ್ನು ಆಫ್ ಮಾಡಿ, ಕಾಗದವನ್ನೇ ಕೆನೆ ಬಣ್ಣದ ದಪ್ಪ ಮ್ಯಾಟ್ ತೆಗೆದುಕೊಂಡೆ. ಶಾಯಿಯಲ್ಲಿ ಕಾಗದದ ಬಣ್ಣ ಹೊಡೆದರೆ ಅಂಚಿನಲ್ಲಿ ಗೊತ್ತಾಗುತ್ತದೆ.

ಅದೇ ಫೈಲಿನಿಂದ ನೀಲಿ ಹಾಳೆ

ಪದರಗಳೆಲ್ಲ ಸಿದ್ಧವಿದ್ದ ಮೇಲೆ ಇನ್ನೊಂದು ಹಾಳೆ ಪುಕ್ಕಟೆಯಾಗಿ ಬಂತು. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ ಸೈನೋಟೈಪ್‌ನಲ್ಲಿ ಗಿಡವನ್ನು ಕಾಗದದ ಮೇಲೆ ನೇರವಾಗಿ ಇಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಬಿಸಿಲು ಬಿದ್ದ ಕಡೆ ಗಾಢ ನೀಲಿ, ಗಿಡ ಮುಚ್ಚಿದ ಕಡೆ ಬಿಳಿ. ಮರು ವರ್ಷವೇ ಆನಾ ಆಟ್ಕಿನ್ಸ್ ಕಡಲ ಪಾಚಿಗಳನ್ನು ಹೀಗೆ ಅಚ್ಚೊತ್ತಲು ಶುರು ಮಾಡಿದರು.

ಅದರ ನೆನಪಿನಲ್ಲಿ ಮಾಡುವುದು ಸುಲಭ. ನೀಲಿ ಚಾನೆಲ್‌ನ ನಕಲು, ಇನ್ವರ್ಟ್, ಆಮೇಲೆ ಗ್ರೇಡಿಯೆಂಟ್ ಮ್ಯಾಪ್: ಕಡು ತುದಿಗೆ 0, 49, 83, ಬೆಳಗಿನ ತುದಿಗೆ ಪೂರ್ತಿ ಬಿಳಿ ಅಲ್ಲ, 236, 240, 238ರಂಥದ್ದು. ಆದರೆ ಹಾಗೇ ಬಿಟ್ಟರೆ ಎಸಳೂ ಎಲೆಯೂ ಒಂದೇ ಬಿಳುಪು. ನಿಜವಾದ ಸೈನೋಟೈಪ್‌ನಲ್ಲಿ ತೆಳು ಎಸಳು ಸ್ವಲ್ಪ ಬೆಳಕು ಬಿಟ್ಟುಕೊಡುತ್ತದೆ, ತಿಳಿ ನೀಲಿಯಾಗುತ್ತದೆ. ದಪ್ಪ ಎಲೆ, ತೊಟ್ಟು ಬಿಡುವುದಿಲ್ಲ. ಅದಕ್ಕೆ ಎಸಳಿಗಾಗಿಯೇ ಬೇರೆ ಫೋಟೋ ತೆಗೆದೆ. ಕಿಟಕಿ ಗಾಜಿಗೆ ಬಟರ್ ಪೇಪರ್ ಅಂಟಿಸಿ, ಅದರ ಮೇಲೆ ಎಸಳು ಹರಡಿ, ಹಿಂದಿನಿಂದ ಬೆಳಕು ಬರುವಂತೆ. ಆ ಚಿತ್ರದ ನರಗಳನ್ನು ಬೂದು ಮಾಡಿ ಎಸಳಿನ ಮಾಸ್ಕ್ ಒಳಗೆ ಹಾಕಿದರೆ, ತಿಳಿ ನೀಲಿ ಎಸಳಿನ ಮೇಲೆ ಬಿಳಿ ನರ ಮೂಡುತ್ತದೆ.

ಈ ನೀಲಿಗೆ ಪ್ರಿಂಟಿನಲ್ಲಿ ಯಾವ ತಕರಾರೂ ಬರಲಿಲ್ಲ. ಸಾಫ್ಟ್ ಪ್ರೂಫ್‌ನಲ್ಲಿ ಒಂದು ಚುಕ್ಕಿಯೂ ಬೂದಾಗಲಿಲ್ಲ. ಅಮ್ಮ ಎರಡನ್ನೂ ನೋಡಿ, "ದಾಸವಾಳ ಅಂದ್ರೆ ಕೆಂಪೇ. ನೀಲಿದು ನಿನ್ನ ರೂಮಲ್ಲಿ ಹಾಕ್ಕೋ" ಅಂದರು. ಕೆಂಪಿನದು ಹಜಾರದಲ್ಲಿದೆ, ಬಿಸಿಲು ಬೀಳದ ಗೋಡೆಗೆ. ಮುಂದಿನ ಹಾಳೆಗೆ ಕನಕಾಂಬರ ಅಂದುಕೊಂಡಿದ್ದೇನೆ. ಆ ಕಿತ್ತಳೆಗೆ ಸಾಫ್ಟ್ ಪ್ರೂಫ್ ಹಾಕಿ ಈಗಾಗಲೇ ನೋಡಿದೆ, ಹೂವು ಪೂರ್ತಿ ಬೂದು.